ನನ್ನ ಊಟ ಆಯಿತು, ನಿಮ್ಮ ಊರು ಹೇಳಿ

ಮನುಷ್ಯನಿಗೆ ಯಾವುದಾದರೂ ಒಂದು ವಿಷಯದಲ್ಲಿ ಅಹಂಕಾರ ಇರಬೇಕು. ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮನಸ್ಸು ಬರುವುದಿಲ್ಲ. ಕೆಲವರಿಗೆ ಜಮೀನಿನ ಅಹಂಕಾರ, ಕೆಲವರಿಗೆ ಮೀಸೆಯ ಅಹಂಕಾರ, ನಮ್ಮ ದೊಡ್ಡಪ್ಪನಿಗೆ ತಾನು ಹುಟ್ಟಿದಾಗಿನಿಂದ ಒಂದು ಇಂಜೆಕ್ಷನ್ನನ್ನೂ ಚುಚ್ಚಿಸಿಕೊಂಡಿಲ್ಲ ಎಂಬ ಅಹಂಕಾರ. ನನಗೆ ಜಮೀನು ಅಷ್ಟಕ್ಕಷ್ಟೆ, ಮೀಸೆ ಅದಕ್ಕಿಂತ ಕಡಿಮೆ, ಇಂಜೆಕ್ಷನ್ನುಗಳ ವಿಷಯ ಕೇಳಲೇಬೇಡಿ. ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಕಿವಿಯ ಅಹಂಕಾರ. ಫೋನಿನಲ್ಲಿ ಯಾರೇ 'ಹಲೋ' ಎನ್ನಲಿ, ಆ 'ಲೋ' ಮುಗಿಯುವುದರೊಳಗೆ ಅದು ಯಾರು, ಯಾವ ಊರು, ಅವರ ಕೊಟ್ಟಿಗೆಯಲ್ಲಿ ಎಷ್ಟು ದನ, ಅದರಲ್ಲಿ ಒದೆಯುವುದು ಯಾವುದು ಎಂದು ಹೇಳಿಬಿಡುತ್ತೇನೆ. ಹೇಳಿಬಿಡುತ್ತಿದ್ದೆ ಎನ್ನುವುದು ಹೆಚ್ಚು ಸರಿ. ಅದು ಹೇಗೆ ಹಾಗಾಯಿತು ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಂಡರೆ ಮನಸ್ಸಿಗೆ ಸ್ವಲ್ಪ ಹಗುರ.

ನಾನು ಕೆಲಸಕ್ಕಿರುವುದು ಮದ್ದೂರಿನ ಒಂದು ಖಾಸಗಿ ದನದ ಆಸ್ಪತ್ರೆಯಲ್ಲಿ. ಹುದ್ದೆಯ ಹೆಸರು ಸಹಾಯಕ. ಹಸುವಿನ ಮೂಗುದಾರ ಹಿಡಿಯುವುದರಿಂದ ಹಿಡಿದು ಔಷಧಿ ಚೀಟಿ ಬರೆಯುವವರೆಗೆ ಎಲ್ಲವೂ ಅದರೊಳಗೆ ಸೇರುತ್ತದೆ. ಆದರೆ ಮುಖ್ಯ ಕೆಲಸ ಫೋನ್ ಎತ್ತುವುದು. ನಮ್ಮ ಡಾಕ್ಟರ್ ಸವಿತಾ ಮೇಡಂ ಬೆಳಿಗ್ಗೆ ಮದ್ದೂರಿನಲ್ಲಿರುತ್ತಾರೆ, ಮಧ್ಯಾಹ್ನದ ಮೇಲೆ ಮಳವಳ್ಳಿಯ ಇನ್ನೊಂದು ಆಸ್ಪತ್ರೆಯಲ್ಲಿರುತ್ತಾರೆ, ಉಳಿದ ಹೊತ್ತೆಲ್ಲ ಯಾರದೋ ಕೊಟ್ಟಿಗೆಯಲ್ಲಿ ಮೊಣಕೈವರೆಗೆ ತೋಳು ಮಡಿಸಿ ನಿಂತಿರುತ್ತಾರೆ. ಯಾವ ಹಸು ಮೇವು ಬಿಟ್ಟಿದೆ, ಯಾವುದಕ್ಕೆ ಹೊಟ್ಟೆ ಉಬ್ಬರಿಸಿದೆ, ಯಾವುದು ಬೆದೆಗೆ ಬಂದಿದೆ ಎಂಬ ಸಮಾಚಾರವನ್ನೆಲ್ಲ ಕೇಳಿಸಿಕೊಂಡು ಅವರಿಗೆ ಮುಟ್ಟಿಸುವವನು ನಾನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.

ನಮ್ಮ ಕಡೆಯವರು ಫೋನ್ ಮಾಡಿದರೆ ಹೆಸರು ಹೇಳುವುದಿಲ್ಲ. ಹೆಸರು ಹೇಳುವುದೆಂದರೆ 'ನಾನು ಯಾರೆಂದು ನಿನಗೆ ಗೊತ್ತಿಲ್ಲ' ಎಂದು ಎದುರಿನವನನ್ನು ಹೊರಗಿನವನ ಲೆಕ್ಕಕ್ಕೆ ಸೇರಿಸಿದಂತೆ. "ನಾನು ಕಣ್ಲಾ ಪುಟ್ಸಾಮಿ" ಎಂದು ನನ್ನ ಹೆಸರು ಕರೆದರೆ ಮುಗಿಯಿತು, ಗುರುತು ಹಿಡಿಯುವುದು ನನ್ನ ಜವಾಬ್ದಾರಿ. ಎರಡನೆಯ ಮಾತು "ಊಟ ಆಯ್ತಾ?" ಇದಕ್ಕೆ ಉತ್ತರ ಬರುವವರೆಗೆ ಮೂರನೆಯ ಮಾತು ಹೊರಡುವುದಿಲ್ಲ. ಒಮ್ಮೆ ಕೊಕ್ಕರೆ ಬೆಳ್ಳೂರಿನಿಂದ ಒಬ್ಬ ಹಿರಿಯರು ಫೋನ್ ಮಾಡಿದ್ದರು. ನನ್ನ ಊಟ ಆಯಿತು, ಮಳೆ ಬೆಳೆ ಆಯಿತು, ಅವರ ಮನೆ ಮುಂದಿನ ಹುಣಸೆಮರಕ್ಕೆ ಈ ಸಲ ಕೊಕ್ಕರೆ ಬೇಗ ಬಂದಿವೆ ಎಂಬುದಾಯಿತು, ಮರಿ ಮಾಡಿವೆಯೋ ಇಲ್ಲವೋ ಎಂಬುದೂ ಆಯಿತು. ಕೊನೆಗೆ ಫೋನ್ ಇಡುವ ಹೊತ್ತಿಗೆ "ಅಂದಂಗೆ, ನಮ್ಮ ಎಮ್ಮೆ ಬಾವಿಗ್ ಬಿದ್ಬುಟ್ಟದೆ ಕಣ್ಲಾ" ಎಂದರು. ಎಮ್ಮೆ ಬದುಕಿತು ಬಿಡಿ, ಬಾವಿಯಲ್ಲಿ ನೀರು ಕಡಿಮೆ ಇತ್ತು.

ಆಗ ಇದ್ದದ್ದು ತಂತಿಯ ಫೋನು. ರಸ್ತೆ ಅಗೆದರೆ ಸಾಯುತ್ತಿತ್ತು, ಮಳೆ ಬಂದರೆ ಗೊರಗೊರ ಎನ್ನುತ್ತಿತ್ತು, ಎರಡೂ ಇಲ್ಲದ ದಿನ ಬೇರೆಯವರ ಮಾತನ್ನು ತಂದು ನಮ್ಮ ಕಿವಿಗೆ ಸುರಿಯುತ್ತಿತ್ತು. ಒಂದು ಸಲ ಯಾರದೋ ಮದುವೆ ಮಾತುಕತೆ ಅಡ್ಡ ಬಂತು. ಹೆಣ್ಣಿನ ಕಡೆಯವರು "ಹುಡುಗನಿಗೆ ವಯಸ್ಸೆಷ್ಟು?" ಎಂದು ಕೇಳುತ್ತಿದ್ದರು. ನಾನು ನನ್ನ ಹೋರಿಯ ಕೇಸಿನ ಗಿರಾಕಿ ಮಾತಾಡುತ್ತಿದ್ದಾನೆಂದುಕೊಂಡು ನಡುವೆ ಬಾಯಿ ಹಾಕಿ, ದನದ ವಯಸ್ಸು ಲೆಕ್ಕ ಹಾಕುವ ಹಾಗೆ "ಎಷ್ಟು ಹಲ್ಲು ಹಾಕ್ಯದೆ?" ಎಂದುಬಿಟ್ಟೆ. ಆ ಸಂಬಂಧ ಕುದುರಿತೋ ಮುರಿಯಿತೋ ನನಗೆ ಗೊತ್ತಿಲ್ಲ. ಆದರೆ ಅವತ್ತು ನಾನು ಕೇಳಿಸಿಕೊಂಡ ಬೈಗುಳದಲ್ಲಿ ಎರಡೂ ಕಡೆಯ ಬೀಗರು ಒಂದಾಗಿದ್ದರು.

ಮೇಡಂ ಬಹಳ ದಿನ ತಡೆದುಕೊಂಡರು. ಕೊನೆಗೆ ಒಂದು ಸೋಮವಾರ "ಪುಟ್ಟಸ್ವಾಮಿ, ಇದನ್ನ ಕಿತ್ತಾಕ್ಸಿ ಇಂಟರ್ನೆಟ್ ಫೋನ್ ಹಾಕಿಸ್ತಾ ಇದೀನಿ" ಎಂದರು. ಮಧ್ಯಾಹ್ನಕ್ಕೆ ಅಫ್ಸರ್ ಪಾಷಾ ಬಂದರು. ಅಫ್ಸರ್ ಪಾಷಾ ನನ್ನ ವಾರಿಗೆಯವರು. ಪೇಟೆಯಲ್ಲಿ ಅವರದು ಕಿರಿದಾದ ಒಂದು ಅಂಗಡಿ. ಅವರ ಅಪ್ಪ ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಇವರು ಟೇಪ್‌ರೆಕಾರ್ಡರಿನಿಂದ ಶುರು ಮಾಡಿ, ಟೀವಿ ದಾಟಿ, ಮೊಬೈಲು ದಾಟಿ, ಈಗ ಇಂಟರ್ನೆಟ್ಟಿಗೆ ಬಂದು ನಿಂತಿದ್ದಾರೆ. ಅಂಗಡಿ ಅದೇ, ಸ್ಟೂಲು ಅದೇ, ಬೋರ್ಡು ಮಾತ್ರ ಬದಲಾಗಿದೆ. ಲೋಕದಲ್ಲಿ ಏನೇ ಹೊಸದು ಬರಲಿ, ಹೆದರದೆ ಅದರ ಹಿಂಭಾಗದ ಸ್ಕ್ರೂ ಬಿಚ್ಚಿ ನೋಡುವ ಇಂಥವರನ್ನು ಕಂಡರೆ ನನಗೆ ನಿಜವಾಗಿಯೂ ಗೌರವ.

ಅವರು ಮೇಜಿನ ಮೇಲೆ ಒಂದು ಕಪ್ಪು ಯಂತ್ರವನ್ನು ಇಟ್ಟರು. "ಪುಟ್ಸಾಮಣ್ಣ, ಇದು ಫೋನ್ ಅಲ್ಲ, ಫೋನ್ ತರ ಕಾಣೋ ಕಂಪ್ಯೂಟರು" ಎಂದರು.

"ಹಲೋ ಅನ್ನಬೌದು ತಾನೆ?"

"ಅನ್ನಬೌದು."

"ಹಂಗಾರೆ ಫೋನೇ ಬುಡಿ."

ಅವರು ನಕ್ಕು ಒಂದೊಂದಾಗಿ ವಿವರಿಸಿದರು. ಒಂದೇ ನಂಬರು, ಮದ್ದೂರಿನಲ್ಲೂ ಬಡಿದುಕೊಳ್ಳುತ್ತದೆ, ಮಳವಳ್ಳಿಯಲ್ಲೂ ಬಡಿದುಕೊಳ್ಳುತ್ತದೆ. ಎರಡೂ ಕಡೆ ಯಾರೂ ಎತ್ತದಿದ್ದರೆ ಯಂತ್ರವೇ ಎತ್ತಿ, ನನ್ನ ದನಿಯಲ್ಲಿ ನಮಸ್ಕಾರ ಹೇಳಿ, ಅವರ ಮಾತನ್ನು ಕೇಳಿ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದಿಟ್ಟ ಮಾತು ಅದೇ ಗಳಿಗೆಯಲ್ಲಿ ಮೇಡಂ ಮೊಬೈಲಿಗೂ ಹೋಗಿ ಬೀಳುತ್ತದೆ. ಕರೆಂಟು ಹೋದರೆ ಕೆಳಗಿನ ಬ್ಯಾಟರಿ ಡಬ್ಬ ನೋಡಿಕೊಳ್ಳುತ್ತದೆ. ಎಲ್ಲ ಕೇಳಿ ನನಗೆ ಮೊದಲು ಸಂಕಟವಾಯಿತು. ಎತ್ತುವುದೂ ಅದೇ, ಕೇಳುವುದೂ ಅದೇ, ಮುಟ್ಟಿಸುವುದೂ ಅದೇ ಆದರೆ ನಾನು ಇಲ್ಲಿ ಯಾತಕ್ಕೆ, ಮೂಗುದಾರ ಹಿಡಿಯಲಿಕ್ಕೆ ಮಾತ್ರವೇ? ಆದರೆ ಮೊದಲನೆಯ ಕರೆ ಬಂದಾಗ ಆ ಸಂಕಟವೆಲ್ಲ ಎಲ್ಲಿ ಹೋಯಿತೋ! ಅಬ್ಬಾ, ಏನು ಸ್ಪಷ್ಟ! ಮಾತಾಡುತ್ತಿದ್ದವನ ಹಿಂದೆ ಕೋಳಿ ಕೆದಕುವುದು ಕೇಳಿಸಿತು. ಅದರ ಹಿಂದೆ ಅವನ ಹಸು ಕೆಮ್ಮಿದ್ದು ಕೇಳಿಸಿತು. ನಾನು ಮೇಡಂ ಕಡೆ ತಿರುಗಿ "ಒಣ ಕೆಮ್ಮು ಮೇಡಂ, ಕಫ ಇಲ್ಲ" ಎಂದೆ. ಇಂಥ ಯಂತ್ರ ಬಂದಮೇಲೆ ನನ್ನ ಹಳೆಯ ಮೊಬೈಲಿನ ಮೇಲೆ ನನಗೇ ತಾತ್ಸಾರ ಹುಟ್ಟಿತು. ಅದರ ಬಾಯಿ ಮುಚ್ಚಿಸಿ ಮೇಜಿನ ಖಾನೆಯೊಳಗೆ ಹಾಕುವುದು ದಿನದ ರೂಢಿಯಾಯಿತು.

ಇನ್ನು ನನ್ನ ದನಿಯ ನಮಸ್ಕಾರದ ವಿಷಯ. ಇಪ್ಪತ್ತೆರಡು ವರ್ಷ ಫೋನಿನಲ್ಲಿ ಮಾತಾಡಿದವನಿಗೆ, ಎದುರಿಗೆ ಯಾರೂ ಇಲ್ಲದೆ ಮಾತಾಡು ಎಂದಾಗ ನಾಲಿಗೆಯೇ ಹೊರಳಲಿಲ್ಲ. ಅಫ್ಸರ್ ಪಾಷಾ ಬೆರಳು ಎತ್ತಿ "ಹ್ಞಾಂ, ಮಾತಾಡಿ" ಎಂದರೆ ನಾನು "ಏನು?" ಎನ್ನುತ್ತಿದ್ದೆ, ಅದೂ ರೆಕಾರ್ಡಾಗುತ್ತಿತ್ತು. ಏಳೆಂಟು ಸಲ ಆದಮೇಲೆ "ನಮಸ್ಕಾರ, ಇದು ದನದ ಆಸ್ಪತ್ರೆ. ಕೀ ಶಬ್ದ ಆದಮೇಲೆ ಹೆಸರು, ಊರು, ದನದ ತೊಂದರೆ ಹೇಳಿ" ಎಂಬಷ್ಟು ಒಂದೇ ಉಸಿರಿನಲ್ಲಿ ಹೊರಬಂತು. ಮೇಡಂ ಕೇಳಿ "ಸಾಕು" ಎಂದರು.

ಸಾಕಾಗಲಿಲ್ಲ. ಮಾರನೆಯ ದಿನ ಯಂತ್ರದ ಮಾತಿನ ಪೆಟ್ಟಿಗೆ ತೆರೆದು ನೋಡಿದರೆ ಹದಿನಾಲ್ಕು ಮಾತುಗಳಿದ್ದವು. ಹದಿನಾಲ್ಕೂ ಒಂದೇ ತೆರ. "ನಾನು ಕಣ್ಲಾ. ಊಟ ಆಯ್ತಾ?" ಆಮೇಲೆ ಮೌನ. "ಹಲೋ? ಊಟ ಆಯ್ತೇನ್ಲಾ?" ಮತ್ತೆ ಮೌನ. "ಯಾಕೋ ಮಾತಾಡಕಿಲ್ಲ ಕಣಮ್ಮಿ ಇವ್ನು" ಎಂದು ಪಕ್ಕದಲ್ಲಿದ್ದವರಿಗೆ ದೂರು. ಅಷ್ಟಕ್ಕೆ ಯಂತ್ರದ ಸಮಯ ಮುಗಿದು ಕೀ ಎಂದಿತ್ತು. ದನಕ್ಕೆ ಏನು ತೊಂದರೆ ಎಂಬುದು ಹದಿನಾಲ್ಕರಲ್ಲಿ ಒಂದರಲ್ಲೂ ಇರಲಿಲ್ಲ. ಮೂರನೆಯ ದಿನ ಕಿರುಗಾವಲಿನಿಂದ ಕರೀಗೌಡರು ಬಸ್ಸು ಹತ್ತಿ ಆಸ್ಪತ್ರೆಗೇ ಬಂದರು. ಬಂದವರು ಚಪ್ಪಲಿ ಬಿಡುವುದಕ್ಕೂ ನಿಲ್ಲಲಿಲ್ಲ.

"ಏನ್ಲಾ ಪುಟ್ಸಾಮಿ, ಊಟ ಆಯ್ತಾ ಅಂತ ಮೂರ್ ಸತಿ ಕೇಳಿವ್ನಿ. ಬಾಯ್ಗೆ ಬೀಗ ಆಕಂಡಿದ್ಯಾ? ನಾನೇನ್ಲಾ ಮಾಡಿದ್ದೆ ನಿಂಗೆ?"

"ಗೌಡ್ರೆ, ಅದು ನಾನಲ್ಲ, ಮಿಷನ್ನು."

"ಮಿಷನ್ನಾ? ನಿಂದೇ ದನಿ ಕಣ್ಲಾ ಅದು. ನಮಸ್ಕಾರ ಅಂದೆ, ಆಮ್ಯಾಕೆ ಕೀ ಅಂದೆ, ಆಮ್ಯಾಕೆ ಮಾತೇ ಆಡ್ಲಿಲ್ಲ. ಬ್ಯಾಡ ಬುಡು, ದೊಡ್ಡ ಮನ್ಸ ಆಗ್ಬುಟ್ಟೆ."

ಅವರನ್ನು ಕೂರಿಸಿ, ಕಾಫಿ ತರಿಸಿ, ಯಂತ್ರವನ್ನು ತೋರಿಸಿ, ನಾನು ಬಾಯಿ ಮುಚ್ಚಿಕೊಂಡಿರುವಾಗಲೇ ಅದು ನನ್ನ ದನಿಯಲ್ಲಿ ಮಾತಾಡುವುದನ್ನು ಕೇಳಿಸಿದ ಮೇಲೆ ಗೌಡರ ಕೋಪ ಇಳಿಯಿತು. "ಹಂಗಾರೆ ಅದ್ರಾಗೇ ಊಟ ಆಯ್ತು ಅಂತ ಯೋಳ್ಬುಡ್ಲಾ, ನಮ್ಗೂ ಸಮಾಧಾನ" ಎಂದರು. ಲಕ್ಷಗಟ್ಟಲೆ ಸಂಬಳ ತೆಗೆದುಕೊಂಡು ಈ ಯಂತ್ರ ಮಾಡಿದವರಿಗೆ ಹೊಳೆಯದ ಮಾತು ಅದು. ಅವತ್ತೇ ಹೊಸದಾಗಿ ರೆಕಾರ್ಡು ಮಾಡಿದೆ. ಈ ಸಲ ಹೆದರಿಕೆ ಬಿಟ್ಟುಹೋಗಿತ್ತು. ಬೆಳಿಗ್ಗೆಯ ಸ್ನಾನ, ಇಸ್ತ್ರಿ ಅಂಗಿ, ಮೇಡಂ ಎದುರಿಗಿದ್ದ ಭಯಭಕ್ತಿ ಎಲ್ಲವೂ ದನಿಯೊಳಗೆ ಸೇರಿತು. "ನಮಸ್ಕಾರ. ನನ್ನ ಊಟ ಆಯಿತು, ಕೇಳಿದ್ದಕ್ಕೆ ಸಂತೋಷ. ದಯವಿಟ್ಟು ಮೊದಲು ನಿಮ್ಮ ಊರು ಹೇಳಿ, ಆಮೇಲೆ ಹೆಸರು, ಆಮೇಲೆ ದನದ ತೊಂದರೆ. ಅವಸರ ಇಲ್ಲ, ನಿಧಾನವಾಗಿ ಹೇಳಿ. ನಾನು ಕೇಳುತ್ತಿರುತ್ತೇನೆ." ಅಫ್ಸರ್ ಪಾಷಾ ಯಂತ್ರದ ಸಮಯವನ್ನೂ ಹೆಚ್ಚಿಸಿಕೊಟ್ಟರು.

ಅಲ್ಲಿಂದ ಮುಂದೆ ಜನ ಮಾತಾಡಿದರು ನೋಡಿ! ಯಂತ್ರದ ಮುಂದೆ ನಮ್ಮವರಿಗೆ ಇಷ್ಟು ಮಾತಿದೆಯೆಂದು ನನಗೇ ಗೊತ್ತಿರಲಿಲ್ಲ. ಹಸುವಿನ ಹೊಟ್ಟೆ ಉಬ್ಬರದಿಂದ ಶುರುವಾಗಿ ಮಾವನ ಹೊಟ್ಟೆ ಉಬ್ಬರದಲ್ಲಿ ಮುಗಿಯುತ್ತಿತ್ತು. ಒಬ್ಬಾಕೆ ಬೆಳಿಗ್ಗೆ ಏಳು ಗಂಟೆಗೆ "ಇಷ್ಟ್ ಬ್ಯಾಗ ಊಟ ಆಗೋಯ್ತಾ? ಏನ್ ಮಾಡಿದ್ರು ಮನೇಲಿ?" ಎಂದು ಕೇಳಿದ್ದಳು. ಆದರೆ ಊರು, ಹೆಸರು ಮಾತ್ರ ಊಹೂಂ, ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲವೆನ್ನಿ. ನಾನು ಒಂದೊಂದನ್ನೇ ಹಾಕಿ "ಇದು ಹನಕೆರೆ ಗೇಟಿನ ಪಕ್ಕದ ಮನೆ, ಇದು ಮಳವಳ್ಳಿ ಕೋಟೆ ಬೀದಿ, ಇದು ಕರೀಗೌಡರ ತಮ್ಮ" ಎಂದು ಬರೆದುಕೊಳ್ಳುತ್ತಾ ಹೋಗುತ್ತಿದ್ದೆ. ಅಫ್ಸರ್ ಪಾಷಾ ಒಂದು ದಿನ ಇದನ್ನು ನಿಂತು ನೋಡಿ "ಅಣ್ಣ, ಕಂಪನಿಯೋರು ಇದರಲ್ಲಿ ಎಲ್ಲಾ ಇಟ್ಟವ್ರೆ, ನಿಮ್ಮ ಕಿವಿ ಒಂದು ಇಟ್ಟಿಲ್ಲ" ಎಂದರು. ಮೇಡಂ ಕೂಡ "ಪುಟ್ಟಸ್ವಾಮಿ ಇಲ್ಲದಿದ್ರೆ ಈ ಫೋನ್ ದಂಡ" ಎಂದರು. ಆ ವಾರವೆಲ್ಲ ನಾನು ರೈಲಿನಲ್ಲಿ ಹನಕೆರೆಯ ಮನೆಗೆ ಹೋಗುವಾಗ ಸೀಟಿದ್ದರೂ ಕೂರಲಿಲ್ಲ, ಬಾಗಿಲ ಹತ್ತಿರ ಎದೆಯುಬ್ಬಿಸಿ ನಿಂತೇ ಹೋದೆ.

ಹೀಗಿರುವಾಗ ಒಂದು ಮಂಗಳವಾರ ಹತ್ತೂವರೆಗೆ ನಾನು ಪಕ್ಕದ ಹೋಟೆಲಿಗೆ ಕಾಫಿಗೆ ಹೋಗಿದ್ದೆ. ಮೇಡಂ ಒಳಗೆ ಒಂದು ಎಮ್ಮೆಯ ಗೊರಸು ಕೊಯ್ಯುತ್ತಿದ್ದರು. ನಾನು ವಾಪಸು ಬಂದಾಗ ಯಂತ್ರದ ಕೆಂಪು ದೀಪ ಮಿಣುಕುತ್ತಿತ್ತು. ಗುಂಡಿ ಒತ್ತಿದೆ. ಒಬ್ಬ ಹೆಂಗಸಿನ ದನಿ.

"ನಮಸ್ಕಾರ. ಡಾಕ್ಟರ್ ಮೇಡಂ ಅವರಿಗೆ ದಯವಿಟ್ಟು ತಿಳಿಸಿ. ನಮ್ಮ ಹಸು ಕರು ಹಾಕಲು ಬೆಳಿಗ್ಗೆಯಿಂದ ಕಷ್ಟಪಡುತ್ತಾ ಇದೆ. ನೀರಿನ ಚೀಲ ಒಡೆದು ತುಂಬಾ ಹೊತ್ತಾಯಿತು. ಒಂದೇ ಕಾಲು ಹೊರಗೆ ಬಂದಿದೆ, ಇನ್ನೊಂದು ಕಾಣುತ್ತಿಲ್ಲ. ಇದು ಮೊದಲನೇ ಕರು. ಹಸುವಿಗೆ ನಿಲ್ಲಲು ಶಕ್ತಿ ಇಲ್ಲ. ಆದಷ್ಟು ಬೇಗ ಬಂದರೆ ದೊಡ್ಡ ಉಪಕಾರ ಆಗುತ್ತದೆ. ನಮ್ಮ ಮನೆ ಎಲ್ಲಿ ಅಂತ ನಿಮ್ಮ ಆಫೀಸಿನವರಿಗೆ ಗೊತ್ತಿದೆ. ನಮಸ್ಕಾರ."

ಒಳಗಿನಿಂದಲೇ ಕೇಳಿಸಿಕೊಂಡ ಮೇಡಂ ಕೈ ಒರೆಸಿಕೊಳ್ಳುತ್ತಲೇ ಓಡಿ ಬಂದರು. "ಕಾಲು ಹಿಂದಕ್ಕೆ ಮಡಚಿಕೊಂಡಿದೆ. ಇನ್ನೊಂದು ಗಂಟೆಯೊಳಗೆ ಹೋಗದಿದ್ರೆ ಕರು ಉಳಿಯಲ್ಲ, ಹಸುವೂ ಅನುಮಾನ. ಯಾರ ಮನೆ ಪುಟ್ಟಸ್ವಾಮಿ?" ಎಂದರು. ಬ್ಯಾಗು ಆಗಲೇ ಅವರ ಹೆಗಲಿನಲ್ಲಿತ್ತು.

ನಾನು ಇನ್ನೊಮ್ಮೆ ಹಾಕಿ ಕೇಳಿದೆ. ಮತ್ತೊಮ್ಮೆ ಕೇಳಿದೆ. ಆ ದನಿ ಎಲ್ಲೋ ಕೇಳಿದ ಹಾಗೆಯೂ ಇತ್ತು, ಹುಟ್ಟಿದಾಗಿನಿಂದ ಕೇಳಿಯೇ ಇಲ್ಲದ ಹಾಗೆಯೂ ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಮಾತಿನ ಮರ್ಯಾದೆಗೆ ನಾನು ಬೆರಗಾಗಿಬಿಟ್ಟಿದ್ದೆ. ಅಂಥ ಆತಂಕದಲ್ಲೂ ಒಂದು ಅಕ್ಷರ ಅತ್ತಿತ್ತ ಹೋಗಿರಲಿಲ್ಲ. ಅಳು ಇರಲಿಲ್ಲ, ಕೂಗು ಇರಲಿಲ್ಲ, ಹೇಳಬೇಕಾದ್ದಷ್ಟೂ ಕ್ರಮವಾಗಿತ್ತು. "ಎಂಥ ಸಂಸ್ಕಾರವಂತ ಹೆಣ್ಮಗಳು ಮೇಡಂ! ಇಂಥೋಳ ಕೈ ಹಿಡಿದೋನು ಪುಣ್ಯ ಮಾಡಿರ್ಬೇಕು" ಎಂದೆ. ಮೇಡಂ ಹಲ್ಲು ಕಚ್ಚಿ "ಪುಣ್ಯವಂತನ ಊರು ಹೇಳ್ರಿ" ಎಂದರು.

ಯಂತ್ರದ ಮೇಲೆ ನಂಬರು ಬಂದಿತ್ತು. ಅದಕ್ಕೆ ತಿರುಗಿ ಫೋನ್ ಮಾಡಿದೆ. ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಹೊತ್ತು ಹೋಗುತ್ತಿತ್ತು. ಇಪ್ಪತ್ತೆರಡು ವರ್ಷದ ಹೆಸರು ನನ್ನ ಬೆನ್ನ ಹಿಂದೆ ನಿಂತು ಹೇಳು ಹೇಳು ಎಂದು ತಿವಿಯುತ್ತಿತ್ತು. ಆಗ ಹೊಳೆಯಿತು. ಕರೀಗೌಡರ ಕಿರಿಯ ಸೊಸೆ! ಮೈಸೂರಿನಲ್ಲಿ ಓದಿದವಳು, ಬಂದವರಿಗೆ 'ಕುಳಿತುಕೊಳ್ಳಿ' ಎಂದು ಪೂರ್ತಿ ಅಕ್ಷರ ಹಾಕಿ ಹೇಳುವವಳು. "ಕಿರುಗಾವಲು ಮೇಡಂ, ಕರೀಗೌಡರ ಮನೆ. ಅನುಮಾನವೇ ಇಲ್ಲ" ಎಂದೆ. ಮೇಡಂ ಕಾರು ಹತ್ತಿ ಮಳವಳ್ಳಿ ರಸ್ತೆ ಹಿಡಿದರು.

ಡಾಕ್ಟರು ಹೊರಟಿದ್ದಾರೆ, ಬಿಸಿನೀರು ಕಾಯಿಸಿಡಿ ಎಂದು ಹೇಳೋಣವೆಂದು ಗೌಡರ ಮನೆಗೆ ಫೋನ್ ಮಾಡಿದೆ. ಗೌಡರೇ ಎತ್ತಿದರು.

"ಯಾವ್ ಹಸ? ನಮ್ಮ ಹಸ ಕರ ಹಾಕಿ ಎರಡ್ ತಿಂಗ್ಳಾಯ್ತಲ್ಲಾ. ಗಿಣ್ಣು ತಿನ್ಕಂಡ್ ಓಗಿದ್ಯಲ್ಲ, ಮರ್ತ್ ಬುಟ್ಯಾ? ಸೊಸೆ ಅವ್ರಪ್ಪನ ಮನೇಲವ್ಳೆ. ಅದಿರ್ಲಿ, ಊಟ ಆಯ್ತಾ?"

ಎಲ್ಲೋ ಒಂದು ಕೊಟ್ಟಿಗೆಯಲ್ಲಿ ಒಂದು ಬಾಯಿಲ್ಲದ ಜೀವ ಬಿದ್ದುಕೊಂಡಿದೆ. ಅದರ ಪಕ್ಕದಲ್ಲಿ ಅಷ್ಟು ಮರ್ಯಾದೆಯ ಒಬ್ಬ ಹೆಣ್ಣುಮಗಳು ರಸ್ತೆ ನೋಡುತ್ತಾ ಕೂತಿದ್ದಾಳೆ. ನಾನು ಡಾಕ್ಟರನ್ನು ಅದಕ್ಕೆ ವಿರುದ್ಧ ದಿಕ್ಕಿಗೆ ಓಡಿಸಿದ್ದೇನೆ. ಗೌಡರ ಊಟದ ಪ್ರಶ್ನೆಗೆ ಮೊದಲ ಸಲ ಉತ್ತರ ಕೊಡದೆ ಫೋನಿಟ್ಟು ಮೇಡಂಗೆ ಮಾಡಿದೆ. "ತಿರುಗಿಸ್ಬಿಡಿ ಮೇಡಂ, ಅವರ ಮನೆ ಅಲ್ಲವಂತೆ" ಎಂದೆ. ಬ್ರೇಕ್ ಹಾಕಿದ ಸದ್ದು ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ ಆ ಫೋನನ್ನು ಆಗಲೂ ಮೆಚ್ಚದಿರಲು ಆಗಲಿಲ್ಲ.

"ಪುಟ್ಟಸ್ವಾಮಿ, ನಿಮ್ಮ ಕಿವಿ ಪಕ್ಕಕ್ಕಿಡಿ" ಎಂದರು ಮೇಡಂ. "ಆ ನಂಬರನ್ನ ನಿಮ್ಮ ಮೊಬೈಲ್‌ನಲ್ಲಿ ಒತ್ತಿ ನೋಡಿ. ಎಲ್ಲರೂ ನಿಮಗೆ ಪರಿಚಯದವರೇ ತಾನೆ, ಹೆಸರು ಹಾಕಿ ಇಟ್ಕೊಂಡಿರಬಹುದು. ನಾನು ಲೈನ್‌ನಲ್ಲೇ ಇರ್ತೀನಿ."

ಖಾನೆ ಎಳೆದು ಮೊಬೈಲು ತೆಗೆದೆ. ಅದರ ಮೇಲೆ ಮನೆಯಿಂದ ಒಂಬತ್ತು ಮಿಸ್ಡ್ ಕಾಲ್ ಬಂದಿದ್ದವು. ನಿಮ್ಮ ಹತ್ತಿರ ಮುಚ್ಚುಮರೆ ಏನು, ಆಗ ನನಗೆ ಬಂದದ್ದು ಸಿಟ್ಟು. ಇಲ್ಲಿ ಒಂದು ಜೀವ ಹೋಗುತ್ತಿರುವಾಗ ಇವಳದೊಂದು, ಸಂತೆಯಿಂದ ಈರುಳ್ಳಿ ತರಲು ಹೇಳುವುದಕ್ಕೆ ಒಂಬತ್ತು ಸಲ ಮಾಡಬೇಕೆ ಎಂದು ಗೊಣಗಿಕೊಂಡು ಅದನ್ನೆಲ್ಲ ಬೆರಳಿನಿಂದ ಆಚೆ ತಳ್ಳಿದೆ. ಯಂತ್ರದ ಮೇಲಿನ ನಂಬರನ್ನು ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದೆ. ಕೊನೆಯ ಅಂಕಿ ಒತ್ತಿದಾಗ ಮೇಲುಗಡೆ ಹೆಸರು ಬಂತು. 'ಮನೆ' ಎಂದಿತ್ತು.

"ಬಂತಾ ಹೆಸರು? ಯಾರ ಮನೆ?" ಎಂದರು ಮೇಡಂ.

"ಮನೆ ಮೇಡಂ."

"ಯಾರ ಮನೆ ರೀ?"

"ನಮ್ಮನೆ ಮೇಡಂ. ಹನಕೆರೆ."

ಅತ್ತ ಕಡೆಯಿಂದ ಗಾಡಿ ತಿರುಗಿದ ಸದ್ದು ಕೇಳಿಸಿತು.

ಮೇಡಂ ಆಸ್ಪತ್ರೆ ಮುಂದೆ ನನ್ನನ್ನು ಹತ್ತಿಸಿಕೊಂಡು ಹೇಗೆ ಓಡಿಸಿದರೋ, ನಾನು ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಮನೆಗೆ ಹೋದರೆ ಕೊಟ್ಟಿಗೆಯಲ್ಲಿ ಗಂಗೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಹೋದ ವರ್ಷ ಕೊಂಡು ತಂದ ಸೀಮೆಹಸು. ನನ್ನ ಹೆಂಡತಿ ಜಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಹನಿಸುತ್ತಿದ್ದಳು. ಅವಳ ಫೋನು ನಡುಮನೆಯ ಗೂಡಿನಲ್ಲಿತ್ತು. ಅವಳು ಹಸು ಬಿಟ್ಟು ಏಳುವಂತಿರಲಿಲ್ಲ, ಫೋನ್ ಎತ್ತುವವರು ಇನ್ನಾರೂ ಮನೆಯಲ್ಲಿರಲಿಲ್ಲ. ಮೇಡಂ ಕಂಡ ಕೂಡಲೆ "ಬನ್ನಿ ಮೇಡಂ, ನಿಮಗೆ ತುಂಬಾ ತೊಂದರೆ ಕೊಟ್ಟೆ" ಎಂದಳು. ಅದೇ ದನಿ! ಅದೇ ಅಕ್ಷರ ಅಕ್ಷರ! ಆಮೇಲೆ ನನ್ನ ಕಡೆ ತಿರುಗಿ "ಈಗ್ ಬಂದ್ರಾ ದೊರೆಗಳು? ಸಗಣಿ ತುಳೀಬ್ಯಾಡಿ, ಆ ಹಗ್ಗ ತಕ್ಕೊಡಿ" ಎಂದಳು. ಇದು ನನಗೆ ಗೊತ್ತಿರುವ ದನಿ.

ಮೇಡಂ ಕೆಲಸವನ್ನು ನೋಡಬೇಕು ನೀವು. ಮೊಣಕೈ ದಾಟಿ ಕೈ ಒಳಗೆ ಹೋಯಿತು. ಕಣ್ಣು ಮುಚ್ಚಿಕೊಂಡರು. ಹೊರಗೆ ಬಂದಿದ್ದ ಕಾಲನ್ನು ಒಳಕ್ಕೆ ತಳ್ಳಿ, ಮಡಚಿಕೊಂಡಿದ್ದನ್ನು ಹುಡುಕಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಬಿಡಿಸಿ, ಎರಡನ್ನೂ ಜೊತೆ ಮಾಡಿ ತಂದರು. ನಾನೂ ಪಕ್ಕದ ಮನೆಯ ನಿಂಗಣ್ಣನೂ ಹಗ್ಗ ಹಿಡಿದೆವು. "ಅವಳು ತಿಣುಕಿದಾಗ ಮಾತ್ರ ಎಳೀರಿ" ಎಂದರು. ಗಂಗೆ ಒಮ್ಮೆ ತಿಣುಕಿದಳು, ಇನ್ನೊಮ್ಮೆ ತಿಣುಕಿದಳು. ಮೂರನೆಯ ಸಲಕ್ಕೆ ಕರು ಜಾರಿ ಬಂದು ಹುಲ್ಲಿನ ಮೇಲೆ ಬಿತ್ತು. ಅಲ್ಲಾಡಲಿಲ್ಲ. ಮೇಡಂ ಅದರ ಮೂಗಿನ ಲೋಳೆ ತೆಗೆದು, ಮೂಗಿನೊಳಗೆ ಒಂದು ಹುಲ್ಲುಕಡ್ಡಿ ಆಡಿಸಿದರು. ಕರು ಸೀನಿತು. ಹೆಣ್ಣು ಕರು. ಜಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನಾನೂ ಅತ್ತೆ, ಆದರೆ ಬೆವರು ಒರೆಸಿಕೊಳ್ಳುವ ನೆಪ ಇತ್ತು.

ಮೇಡಂ ಕಾರು ಹತ್ತುವಾಗ ಜಯಮ್ಮನಿಗೆ "ನೀವು ಅಷ್ಟು ಚೆನ್ನಾಗಿ ವಿವರ ಹೇಳಿದ್ರಿಂದ ನಾನು ಬೇಕಾದ್ದೆಲ್ಲ ತಗೊಂಡು ಬಂದೆ. ನಿಮ್ಮ ಯಜಮಾನ್ರೂ ನಿಮ್ಮನ್ನ ಬಹಳ ಹೊಗಳಿದ್ರು" ಎಂದರು. "ಇವ್ರಾ? ನನ್ನಾ?" ಎಂದು ಜಯಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಮೇಡಂ ನಗು ತಡೆದುಕೊಂಡು ಗಾಜು ಏರಿಸಿದರು.

ಆಮೇಲೆ ವಿಚಾರಿಸಿದಾಗ ತಿಳಿಯಿತು. ಗಂಗೆ ಮಲಗುವುದು ಏಳುವುದು ಮಾಡುತ್ತಿದ್ದಾಳೆ, ಇವತ್ತು ಕೆಲಸಕ್ಕೆ ಹೋಗಬೇಡಿ ಎಂದು ಬೆಳಿಗ್ಗೆಯೇ ಹೇಳಿದ್ದಳಂತೆ. ನಾನು 'ಹ್ಞೂಂ' ಎಂದು ಚಪ್ಪಲಿ ಮೆಟ್ಟಿಕೊಂಡು ರೈಲಿಗೆ ಹೋಗಿದ್ದೆನಂತೆ. ನನಗೆ ಆ ಮಾತೂ ನೆನಪಿಲ್ಲ, ಆ ಹ್ಞೂಂ ಕೂಡ ನೆನಪಿಲ್ಲ.

ಮಾರನೆಯ ದಿನ ಬೆಳಿಗ್ಗೆ ಜಯಮ್ಮ ಗಿಣ್ಣು ಮಾಡಿ ಒಂದು ಡಬ್ಬಿ ಮೇಡಂಗೆ, ಒಂದು ಡಬ್ಬಿ ಅಫ್ಸರ್ ಪಾಷಾಗೆ ಕಟ್ಟುತ್ತಿದ್ದಳು. ನಾನು ಮೆಲ್ಲಗೆ ಕೇಳಿದೆ. "ಅಲ್ಲ ಕಣೇ, ಅದ್ರಲ್ಲಿ ಊರು ಹೆಸರು ಹೇಳ್ಬಾರದಿತ್ತೇ?"

"ನಮ್ಮೂರ್ ಯಾವ್ದು ಅಂತ ನಿಮ್ಗೇ ಯೋಳ್ಬೇಕಾ ನಾನು?"

ಗಿಣ್ಣು ಬಾಯಿಗೆ ಹಾಕಿಕೊಂಡು ಬೇರೆ ದಾರಿಯಿಂದ ಬಂದೆ. "ಹೋಗ್ಲಿ ಬಿಡು. ಎಷ್ಟು ಚೆನ್ನಾಗಿ ಮಾತಾಡಿದ್ದೆ ಅದ್ರಲ್ಲಿ! ಮನೇಲೂ ನನ್ನ ಜೊತೆ ಒಂದಿನ ಹಂಗೆ ಮಾತಾಡಬಾರ್ದಾ?"

ಜಯಮ್ಮ ಡಬ್ಬಿಯ ಮುಚ್ಚಳ ಹಾಕಿ ನನ್ನ ಎದುರು ಕೂತಳು. "ನೋಡಿ, ಫೋನ್ ಮಾಡ್ದಾಗ ಅದ್ರಾಗೆ ನಿಮ್ ದನಿ ಬಂತು. ಅವಸರ ಇಲ್ಲ, ನಿಧಾನವಾಗಿ ಹೇಳಿ, ನಾನು ಕೇಳುತ್ತಿರುತ್ತೇನೆ ಅಂದ್ರಿ. ಮದ್ವೆ ಆದ್ ಇಪ್ಪತ್ತೆಂಟ್ ವರ್ಸಕ್ಕೆ ಒಂದ್ಸತಿ ಅಂದ್ರಲ್ಲಾ ಅಂತ ನಂಗೂ ಹಂಗೇ ಮರ್ವಾದೆಯಿಂದ ಮಾತು ಬಂತು. ಆ ಪೆಟ್ಗೆ ನಾನು ಮುಗ್ಸೋ ಗಂಟ ಸುಮ್ಕೆ ಕೇಳ್ತು. ನಾನು ನಿಮ್ಗೆ ಬಾಳ ದಿವ್ಸದಿಂದ ಒಂದ್ ಮಾತು ಯೋಳ್ಬೇಕು ಅಂತ..."

"ಅದು ಮಿಷನ್ನು ಕಣೇ!" ಎಂದೆ ನಾನು. "ಅದಕ್ಕೇನು ಗೊತ್ತಾಗ್ತದೆ? ಅಫ್ಸರ್ ಪಾಷಾ ಹೇಳಿದ್ರು, ಅದು ಫೋನೇ ಅಲ್ಲವಂತೆ, ಕಂಪ್ಯೂಟರಂತೆ. ಮಾತೆಲ್ಲ ಇಂಟರ್ನೆಟ್ ಒಳಗೆ ಹೋಗಿ..." ಎಂದು ಶುರು ಮಾಡಿ ಯಂತ್ರದ ಗುಣಗಾನವನ್ನೆಲ್ಲ ಮುಗಿಸಿ ನೋಡಿದರೆ, ಜಯಮ್ಮ ಎದ್ದು ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

ಏನೋ ಹೇಳಬೇಕು ಎಂದಿದ್ದೆಯಲ್ಲ ಎಂದು ಅವತ್ತಿನಿಂದ ಎಷ್ಟು ಸಲ ಕೇಳಿದ್ದೇನೋ. "ಏನೂ ಇಲ್ಲ ಬುಡಿ" ಎನ್ನುತ್ತಾಳೆ. ಮೂರು ತಾಲ್ಲೂಕಿನ ಜನ ಹೇಳಿದ ಮಾತೆಲ್ಲ ನಮ್ಮ ಆಸ್ಪತ್ರೆಯ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಅವಳ ಆ ಒಂದು ಮಾತು ಮಾತ್ರ ಎಲ್ಲೂ ಇಲ್ಲ. ಅವಳು ಅದನ್ನು ಹೇಳಹೊರಟದ್ದು ನನ್ನ ಹತ್ತಿರ.